ಒಂದೇ ಶೆಡ್ಡಿಗೆ ಎರಡು ಪೆಟ್ಟಿಗೆ

ರೂಪಶ್ರೀ ಮೂಡಿಗೆರೆಯಿಂದ ಸ್ಕೂಟರಿನಲ್ಲಿ ಜಾವಳಿಗೆ ಬಂದ ದಿನ ಆ ಮನೆಯ ಓರಗಿತ್ತಿಯರಿಬ್ಬರೂ ಮಾತು ಬಿಟ್ಟು ಮೂರು ವಾರವಾಗಿತ್ತು. ಒಂದೇ ಅಡುಗೆಮನೆಯಲ್ಲಿ ಒಬ್ಬಳು ಸಾರು ಕುದಿಸುತ್ತಿದ್ದಳು, ಇನ್ನೊಬ್ಬಳು ರೊಟ್ಟಿ ತಟ್ಟುತ್ತಿದ್ದಳು. ಉಪ್ಪಿನ ಡಬ್ಬಿ ಬೇಕಾದರೂ ಅತ್ತೆ ಹುಚ್ಚಮ್ಮನ ಮೂಲಕವೇ ಕೇಳುತ್ತಿದ್ದರು.

ಜಗಳ ಅಣಬೆಯದು. ಹಿರಿಯವಳು ಕುಸುಮಾ ಆರು ವರ್ಷದ ಹಿಂದೆ ನಾಲ್ಕು ದಿನದ ತರಬೇತಿ ಮುಗಿಸಿ ಬಂದು, ದನಗಳಿಲ್ಲದೆ ಖಾಲಿ ಬಿದ್ದಿದ್ದ ಕೊಟ್ಟಿಗೆಯಲ್ಲಿ ಬೈಹುಲ್ಲು ತುಂಬಿದ ಇಪ್ಪತ್ತು ಚೀಲ ತೂಗುಹಾಕಿ ಶುರು ಮಾಡಿದ್ದಳು. ಸಿಂಪಡಿಸುವ ಕೈಪಂಪಿನಲ್ಲಿ ದಿನಕ್ಕೆ ನಾಲ್ಕು ಸಲ ನೀರು ಹೊಡೆಯುತ್ತಿದ್ದಳು. ಬಿಸಿಲು ಜೋರಾದರೆ ಐದು ಸಲ. ಕಿರಿಯವಳು ಸುಕನ್ಯಾ ಚಿಕ್ಕಮಗಳೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವಳು. ಅವಳು ಮದುವೆಯಾಗಿ ಬಂದ ಮೇಲೆ ಕೊಟ್ಟಿಗೆ ಹೋಗಿ ನಲವತ್ತಡಿ ಉದ್ದದ ಶೆಡ್ ಬಂತು, ಚೀಲ ಆರುನೂರಾಯಿತು, ಕಳಸದ ಎರಡು ಹೋಮ್‌ಸ್ಟೇಯವರೂ ಹೊರನಾಡಿನ ಒಂದು ಹೋಟೆಲಿನವರೂ ವಾರವಾರ ಬಂದು ಕೊಳ್ಳತೊಡಗಿದರು. ಶೆಡ್ ಯಾರದು ಎಂದರೆ ಇಬ್ಬರ ಹತ್ತಿರವೂ ಉತ್ತರವಿತ್ತು. ಎರಡೂ ಸುಳ್ಳಲ್ಲ.

ಮೂರು ವಾರದ ಹಿಂದೆ ಎಂಬತ್ತು ಚೀಲ ಒಟ್ಟಿಗೆ ಕೊಳೆತವು. ಸುಕನ್ಯಾ ಅವನ್ನು ಒಂದೊಂದಾಗಿ ಹೊರಗೆ ಎಸೆಯುತ್ತಾ, ಕೊಳ್ಳಲು ಬಂದು ನಿಂತಿದ್ದ ಹೋಟೆಲಿನವರ ಎದುರಿಗೇ, "ನೀರು ಕುಡಿಸಿ ಕುಡಿಸಿ ಸಾಯಿಸಿಟ್ಟಿದ್ದೀರಿ ಅಕ್ಕ. ನಿಮ್ಮ ಅಂದಾಜಿನ ಕೆಲಸ ಇನ್ನು ಸಾಕು," ಎಂದಿದ್ದಳು. ಕುಸುಮಾ ಪಂಪನ್ನು ಅಲ್ಲೇ ಅಂಗಳದಲ್ಲಿ ಬಿಟ್ಟು ಒಳಗೆ ಹೋದಳು. ಆಮೇಲೆ ಮಾತೇ ಇಲ್ಲ.

ಶೆಡ್ಡಿನ ತೇವ ಮತ್ತು ಸೆಕೆ ನೋಡಿಕೊಳ್ಳಲು ಯಾವುದಾದರೂ ಯಂತ್ರ ಹಾಕಿಸೋಣ ಎಂದು ಸುಕನ್ಯಾಳ ಗಂಡ ಗಿರಿಯೇ ರೂಪಶ್ರೀಗೆ ಫೋನು ಮಾಡಿದ್ದ. ರೂಪಶ್ರೀಗೆ ಇಪ್ಪತ್ತೇಳು ವರ್ಷ. ಕುದುರೆಮುಖದ ಅದಿರು ಕಂಪನಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ಎ.ಸಿ. ರಿಪೇರಿ ಮಾಡುತ್ತಿದ್ದ ಸೋದರಮಾವನಿಂದ ಕೆಲಸ ಕಲಿತು, ಐ.ಟಿ.ಐ. ಮುಗಿಸಿ, ಈಗ ಸುತ್ತಲಿನ ಹೋಮ್‌ಸ್ಟೇಗಳ ಎ.ಸಿ.ಯನ್ನೂ ಡೈರಿಗಳ ಹಾಲಿನ ಕೂಲರನ್ನೂ ನೋಡಿಕೊಳ್ಳುತ್ತಿದ್ದಳು. ಅವಳು ಜಗಲಿಗೆ ಕಾಲಿಡುತ್ತಿದ್ದಂತೆ ಹುಚ್ಚಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ನೀನು ಮುದ್ದಮ್ಮನ ಮಗಳಲ್ವಾ? ನಿನ್ನಮ್ಮ ನಮ್ಮ ತೋಟಕ್ಕೇ ಕಾಫಿ ಹಣ್ಣು ಕುಯ್ಯಕ್ಕೆ ಬರ್ತಿದ್ದದ್ದು."

"ಹೌದಮ್ಮ, ಬರ್ತಿದ್ರು," ಎಂದಳು ರೂಪಶ್ರೀ. "ಶೆಡ್ ಯಾವ ಕಡೆ?"

ಶೆಡ್ಡಿನೊಳಗೆ ಎಲ್ಲರೂ ನಿಂತರು. ಗಂಡಸರಿಬ್ಬರು ಬಾಗಿಲ ಹತ್ತಿರ, ಕುಸುಮಾ ಎಡಗಡೆ, ಸುಕನ್ಯಾ ಬಲಗಡೆ, ನಡುವೆ ಸಾಲು ಸಾಲು ಚೀಲಗಳು. ರೂಪಶ್ರೀ ಬ್ಯಾಗಿನಿಂದ ಎರಡು ಪೆಟ್ಟಿಗೆ ತೆಗೆದು ಸ್ಟೂಲಿನ ಮೇಲಿಟ್ಟಳು.

"ಇದು ಟೈಮರ್. ಗಂಟೆಗೊಂದು ಸಲ ಐದು ನಿಮಿಷ ಫಾಗರ್ ಓಡ್ಸು ಅಂದ್ರೆ ಓಡ್ಸುತ್ತೆ, ಮಂಜು ಬಿಡುತ್ತೆ. ಹೊರಗೆ ಬಿಸಿಲಿದ್ಯಾ, ಮಳೆಯಿದ್ಯಾ, ಅದಕ್ಕೆ ಗೊತ್ತಾಗಲ್ಲ. ಇದು ಸೆನ್ಸರ್. ಗಾಳಿಯಲ್ಲಿ ತೇವ ನೂರಕ್ಕೆ ಎಷ್ಟಿದೆ ಅಂತ ನೋಡಿ, ಎಂಬತ್ತಕ್ಕಿಂತ ಇಳಿದ್ರೆ ಮಂಜು ಬಿಡ್ಸುತ್ತೆ, ತೊಂಬತ್ತಾದ್ರೆ ನಿಲ್ಸುತ್ತೆ. ಸೆಕೆ ಎಷ್ಟು ಅಂತಾನೂ ತೋರ್ಸುತ್ತೆ. ಯಾವುದೇ ಹಾಕ್ಸಿ, ಫಾಗರೂ ಗಾಳಿ ಎಳೆಯೋ ಫ್ಯಾನೂ ಎರಡೂ ಒಂದೇ ಪೆಟ್ಟಿಗೆ ಮಾತು ಕೇಳ್ಬೇಕು. ಫ್ಯಾನ್ ತೇವ ತೆಗೆಯೋಕೆ ಮಾತ್ರ ಅಲ್ಲ. ಅಣಬೆಗೂ ಉಸಿರು ಬೇಕಲ್ಲ."

"ಟೈಮರ್ ಹಾಕು," ಎಂದಳು ಕುಸುಮಾ. "ನಾನು ಆರು ವರ್ಷ ಗಡಿಯಾರ ನೋಡಿಯೇ ನೀರು ಹೊಡೆದದ್ದು."

"ಅದಕ್ಕೇ ಎಂಬತ್ತು ಚೀಲ ಗುಂಡಿಗೆ ಹೋದದ್ದು," ಎಂದಳು ಸುಕನ್ಯಾ, ರೂಪಶ್ರೀಯ ಮುಖ ನೋಡುತ್ತಾ. "ಸೆನ್ಸರ್ ಹಾಕಿ ನೀವು."

"ಅವಳು ಬರೋ ಮುಂಚೆ ಇಲ್ಲಿ ಅಣಬೆ ಏಳ್ತಾನೇ ಇರಲಿಲ್ವಾ ಕೇಳು."

"ಇಪ್ಪತ್ತು ಚೀಲದಲ್ಲಿ ಎದ್ದದ್ದು. ಇದು ಆರುನೂರು."

ಕುಸುಮಾಳ ಗಂಡ ದಯಾನಂದ ಕೆಮ್ಮಿದ. ಗಿರಿ ನೆಲ ನೋಡಿದ. ಹುಚ್ಚಮ್ಮ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟಳು: "ಎರಡೂ ಹಾಕು ಮಾರಾಯ್ತಿ. ನೀರಿನದ್ದು ಕುಸುಮಾಗೆ, ಫ್ಯಾನಿಂದು ಸುಕನ್ಯಾಗೆ. ಮನೇಲಿ ನೆಮ್ಮದಿ ಬೇಕು ನಂಗೆ."

ರೂಪಶ್ರೀ ತಲೆ ಅಲ್ಲಾಡಿಸಿದಳು. "ಹಾಗೆ ಮಾಡ್ಬೇಡಿ ಅಮ್ಮ. ಒಂದು ತುಂಬ್ಸೋದು, ಇನ್ನೊಂದು ಖಾಲಿ ಮಾಡೋದು ಆಗುತ್ತೆ."

"ಹೇಳಿದಷ್ಟು ಮಾಡು. ಬುದ್ಧಿ ಹೇಳೋಕೆ ಕರ್ಸಿದ್ದಲ್ಲ."

ರೂಪಶ್ರೀ ಏಣಿ ಕೇಳಿದಳು. ಫಾಗರನ್ನೂ ಫ್ಯಾನನ್ನೂ ಕೂರಿಸಿ, ಟೈಮರಿಗೆ ಫಾಗರಿನ ತಂತಿ, ಸೆನ್ಸರಿಗೆ ಫ್ಯಾನಿನ ತಂತಿ ಎಳೆದು ಸಂಜೆಯೊಳಗೆ ಕೆಲಸ ಮುಗಿಸಿದಳು. ಹೊರಡುವಾಗ ಹುಚ್ಚಮ್ಮ ಜಗಲಿಯ ಕಂಬದ ಬುಡದಲ್ಲಿ, ಉಳಿದವರ ಲೋಟಗಳಿಂದ ಬೇರೆಯಾಗಿ, ಒಂದು ಲೋಟ ಕಾಫಿ ಇಡಿಸಿದ್ದಳು. ರೂಪಶ್ರೀ ಅದನ್ನು ನೋಡಿ, ಹೆಲ್ಮೆಟ್ ಹಾಕಿಕೊಂಡು, ಮುಟ್ಟದೆ ಹೊರಟಳು.

ಆಗ ಮಾರ್ಚ್ ತಿಂಗಳು. ಮಧ್ಯಾಹ್ನದ ಹೊತ್ತಿಗೆ ತೋಟದ ತರಗೆಲೆ ಕಾಲಡಿ ಪುಡಿಯಾಗುತ್ತಿತ್ತು. ಗಂಟೆಗೊಮ್ಮೆ ಕುಸುಮಾಳ ಟೈಮರ್ ಶೆಡ್ಡಿಗೆ ಮಂಜು ತುಂಬುತ್ತಿತ್ತು. ತೇವ ತೊಂಬತ್ತು ದಾಟಿದ ಕೂಡಲೇ ಸುಕನ್ಯಾಳ ಫ್ಯಾನ್ ಎದ್ದು ಆ ಮಂಜನ್ನೆಲ್ಲ ಹೊರಗೆ ತಳ್ಳಿ, ಬದಲಿಗೆ ಒಣ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಹೊರಗೆ ಗೋಡೆಯ ಪಕ್ಕ ನಿಂತರೆ ಕುಸುಮಾಳಿಗೆ ತಾನು ಒಳಗೆ ಬಿಟ್ಟ ಮಂಜು ಬಿಳಿ ಹೊಗೆಯ ಹಾಗೆ ಹಲಸಿನ ಮರದ ಕಡೆ ಹೋಗುವುದು ಕಾಣುತ್ತಿತ್ತು. ಅವಳು ಒಳಗೆ ಹೋಗಿ ಟೈಮರಿನಲ್ಲಿ ಐದು ನಿಮಿಷವಿದ್ದದ್ದನ್ನು ಹತ್ತಕ್ಕೆ ತಿರುಗಿಸಿದಳು.

ಮಾರನೆಯ ದಿನ ಸುಕನ್ಯಾ ಅದನ್ನು ಗಮನಿಸಿದಳು. ಫ್ಯಾನ್ ತೊಂಬತ್ತಕ್ಕೆ ಏಳುವ ಬದಲು ಎಂಬತ್ತೈದಕ್ಕೇ ಏಳುವಂತೆ ಮಾಡಿಟ್ಟಳು. ಕುಸುಮಾ ಹದಿನೈದು ನಿಮಿಷ ಮಾಡಿದಳು. ನೀರಿನ ಟ್ಯಾಂಕು ಹನ್ನೆರಡು ಗಂಟೆಗೇ ಬರಿದಾಗತೊಡಗಿತು. ಫಾಗರಿನ ಕೆಳಗಿದ್ದ ಚೀಲಗಳಲ್ಲಿ ನೀರು ನಿಂತು ಹಸಿರು ಬೂಷ್ಟು ಬಂತು. ಗಾಳಿ ಒಳಗೆ ಬರುವ ಕಡೆಯ ಚೀಲಗಳಲ್ಲಿ ಎಳೆ ಅಣಬೆ ಮೊಗ್ಗಿನಲ್ಲೇ ಒಣಗಿ ಕಂದಾಯಿತು. ಊಟಕ್ಕೆ ಕೂತಾಗ ಸುಕನ್ಯಾ ಗಿರಿಗೆ ಬೂಷ್ಟಿನ ಕತೆ ಹೇಳುತ್ತಿದ್ದಳು, ಕುಸುಮಾ ದಯಾನಂದನಿಗೆ ಒಣಗಿದ್ದರ ಕತೆ. ಇಬ್ಬರೂ ಎದುರಿಗಿದ್ದವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ.

ಹೀಗಿರುವಾಗ ಕಳಸದ ಒಂದು ಮದುವೆಗೆ ನಲವತ್ತು ಕಿಲೋ ಅಣಬೆ ಬೇಕೆಂದು ಸುಕನ್ಯಾ ಒಪ್ಪಿಕೊಂಡಳು. ಅದನ್ನು ಹುಚ್ಚಮ್ಮ ನೆರೆಮನೆಯ ರುಕ್ಮಿಣಮ್ಮನಿಗೆ ಹೇಳುತ್ತಾ, "ಚಿಕ್ಕವಳು ಬಂದ ಮೇಲೆ ನಮ್ಮ ಶೆಡ್ಡಿಗೆ ಒಂದು ಹೆಸರು ಬಂತು," ಎಂದದ್ದು ಕುಸುಮಾಳ ಕಿವಿಗೆ ಬಿತ್ತು. ಅಂದು ಮಧ್ಯಾಹ್ನ ಯಾರೂ ಇಲ್ಲದಾಗ ಅವಳು ಶೆಡ್ಡಿಗೆ ಹೋದಳು. ಫ್ಯಾನ್ ಓಡುತ್ತಿತ್ತು. ಸೆನ್ಸರಿನ ಪೆಟ್ಟಿಗೆ ಕಿಟಕಿಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು, ಅದರ ತಂತಿ ಉದ್ದವಿತ್ತು. ಅವಳು ಕಿಟಕಿಯ ಪ್ಲಾಸ್ಟಿಕ್ಕಿನ ಒಂದು ಮೂಲೆ ಬಿಡಿಸಿ, ಪೆಟ್ಟಿಗೆಯನ್ನು ಆಚೆಗೆ, ಬಿಸಿಲು ಕಾಯುವ ಗೋಡೆಯ ಮೇಲೆ ಇಳಿಬಿಟ್ಟಳು. ಹೊರಗಿನ ಒಣ ಗಾಳಿ ಕಂಡ ಸೆನ್ಸರ್ ಶೆಡ್ಡಿನಲ್ಲಿ ತೇವವೇ ಇಲ್ಲವೆಂದು ತಿಳಿಯಿತು. ಒಂದೇ ನಿಮಿಷದಲ್ಲಿ ಫ್ಯಾನ್ ನಿಂತಿತು.

ಆ ಮೌನ ಅವಳಿಗೆ ಎಷ್ಟು ಹಿತವಾಯಿತೆಂದರೆ ಅವಳು ಅಲ್ಲೇ ಸ್ವಲ್ಪ ಹೊತ್ತು ಕೂತಳು. ಈಗ ಮಂಜು ಒಳಗೇ ಉಳಿಯುತ್ತದೆ, ಅಣಬೆ ಚೆನ್ನಾಗಿ ಏಳುತ್ತದೆ, ಏಳಿಸಿದ್ದು ನನ್ನ ಟೈಮರ್ ಎಂದು ಎಲ್ಲರೂ ನೋಡಲಿ ಎಂದುಕೊಂಡಳು. ಕೈಪಂಪಿನ ದಿನಗಳಲ್ಲಿ ತಾನೇ ಪ್ರತಿ ಸಲ ನೀರು ಹೊಡೆದ ಮೇಲೆ ಕೊಟ್ಟಿಗೆಯ ಬಾಗಿಲು ತೆಗೆದಿಡುತ್ತಿದ್ದದ್ದು ಅವಳಿಗೆ ನೆನಪಿಗೆ ಬರಲಿಲ್ಲ. ಬಂದಿದ್ದರೂ ಅವಳು ಕೇಳುತ್ತಿರಲಿಲ್ಲ.

ಆ ವಾರ ಸುಕನ್ಯಾ ಜ್ವರ ಬಂದು ಮಲಗಿದ್ದಳು; ಯಂತ್ರವಿದೆಯಲ್ಲ ಎಂದು ಬೇರೆ ಯಾರೂ ಶೆಡ್ಡಿನೊಳಗೆ ಇಣುಕಲಿಲ್ಲ. ಐದನೆಯ ದಿನ ಎದ್ದು ಶೆಡ್ಡಿನ ಬಾಗಿಲು ತೆಗೆದಾಗ ಒಳಗಿನ ಗಾಳಿ ಮುಖಕ್ಕೆ ಒದ್ದೆ ಕಂಬಳಿ ಹೊದಿಸಿದಂತೆ ಬಡಿಯಿತು. ಅಣಬೆ ಎದ್ದಿತ್ತು. ಆದರೆ ದಂಟು ಬೆರಳುದ್ದ ಬೆಳೆದು, ತಲೆ ಅಂಗಿಯ ಗುಂಡಿಯಷ್ಟೇ ಇತ್ತು. ಎಲ್ಲ ಚೀಲದಲ್ಲೂ ಹಾಗೆಯೇ. ಚಿಪ್ಪಿನಷ್ಟು ಅಗಲವಾಗಬೇಕಿದ್ದ ಅಣಬೆ ಉಸಿರಿಲ್ಲದೆ ಬರೀ ಕತ್ತು ಚಾಚಿತ್ತು. ಮದುವೆಗೆ ಎರಡೇ ದಿನ ಉಳಿದಿತ್ತು.

ಸುಕನ್ಯಾ ಕೂಗಾಡಿದಳು. ಆ ಗಲಾಟೆಯಲ್ಲಿ ಎಲ್ಲರೂ ಶೆಡ್ಡಿನ ಒಂದು ತುದಿಯಲ್ಲಿದ್ದಾಗ ಕುಸುಮಾ ಇನ್ನೊಂದು ತುದಿಗೆ ಹೋಗಿ, ಸೆನ್ಸರನ್ನು ಒಳಗೆಳೆದು ಮೊಳೆಗೆ ಸಿಕ್ಕಿಸಿದಳು.

ರೂಪಶ್ರೀ ಬರುವಷ್ಟರಲ್ಲಿ ಹನ್ನೊಂದು ಗಂಟೆ. ಅವಳು ಇನ್ನೂ ಸ್ಕೂಟರ್ ಸ್ಟ್ಯಾಂಡ್ ಹಾಕುತ್ತಿರುವಾಗಲೇ ಸುಕನ್ಯಾ ಶುರು ಮಾಡಿದಳು.

"ಎಂಥ ಸೆನ್ಸರ್ ಕೊಟ್ಟಿದ್ದೀರಿ ನೀವು? ಫ್ಯಾನೇ ಓಡಿಲ್ಲ. ಕೆಟ್ಟ ಸಾಮಾನು ತಂದು ನಮ್ಮ ತಲೆಗೆ ಕಟ್ಟಿದ್ರಾ?"

ಹುಚ್ಚಮ್ಮ ಜಗಲಿಯಿಂದಲೇ ಹೇಳಿದಳು. "ನಾನು ಅವತ್ತೇ ಅಂದ್ಕೊಂಡೆ. ಹಣ್ಣಿನ ಕುಕ್ಕೆ ಹಿಡಿಯೋ ಕೈಗೆ ಕರೆಂಟಿನ ಕೆಲಸ ಕೊಟ್ಟರೆ ಹೀಗೇ ಆಗೋದು."

ರೂಪಶ್ರೀ ಶೆಡ್ಡಿಗೆ ಹೋಗಿ ಫ್ಯಾನನ್ನು ನೇರ ತಂತಿ ಕೊಟ್ಟು ಓಡಿಸಿದಳು. ಓಡಿತು. ಸೆನ್ಸರಿನ ಹತ್ತಿರ ಉಸಿರು ಊದಿದಳು. ಅಂಕಿ ಏರಿತು, ಫ್ಯಾನ್ ತಾನಾಗಿ ಎದ್ದಿತು. ಆಮೇಲೆ ಪೆಟ್ಟಿಗೆಯ ಒಂದು ಗುಂಡಿಯನ್ನು ಒತ್ತಿ ಹಿಡಿದು, ಬಂದ ಅಂಕಿಯನ್ನು ಬಹಳ ಹೊತ್ತು ನೋಡಿದಳು.

"ಇಲ್ಲಿ ಬನ್ನಿ ಎಲ್ರೂ," ಎಂದಳು. ದನಿ ಏರಿರಲಿಲ್ಲ. "ಇದು ದಿನದಿನದ ಅತಿ ಕಡಿಮೆ ತೇವ, ಅತಿ ಹೆಚ್ಚು ಬಿಸಿ ನೆನಪಿಟ್ಕೊಳ್ಳುತ್ತೆ. ನಾಲ್ಕು ದಿನದಿಂದ ತೇವ ಮೂವತ್ತಾರು. ಬಿಸಿ ನಲವತ್ತೊಂದು. ಮಂಜು ಬಿಡೋ ಶೆಡ್ಡೊಳಗೆ ಮೂವತ್ತಾರು ಬರಲ್ಲ. ಇದು ಬಿಸಿಲು ಬೀಳೋ ಹೊರಗೋಡೆ ಲೆಕ್ಕ." ಕಿಟಕಿಯ ಪ್ಲಾಸ್ಟಿಕ್ಕಿನ ಬಿಚ್ಚಿದ ಮೂಲೆಯನ್ನು ಬೆರಳಿನಿಂದ ಎತ್ತಿ ತೋರಿಸಿದಳು. "ಸೆನ್ಸರ್ ಕೆಟ್ಟಿಲ್ಲ. ಯಾರೋ ಇದನ್ನ ಹೊರಗೆ ಹಾಕಿ ಆಮೇಲೆ ಒಳಗೆ ತಂದಿಟ್ಟಿದ್ದಾರೆ."

ಸುಕನ್ಯಾ ನಿಧಾನವಾಗಿ ತಿರುಗಿದಳು.

"ನಾನೇ," ಎಂದಳು ಕುಸುಮಾ.

ದಯಾನಂದ, "ಏಯ್, ಎಂತ ಹೇಳ್ತಿದ್ದೀಯ?" ಎಂದ.

"ನಾನೇ ಅಂದೆ. ಅವಳ ಫ್ಯಾನ್ ನನ್ನ ನೀರೆಲ್ಲ ಹೊರಗೆ ಉಗೀತಿತ್ತು. ನಿಲ್ಲಿಸ್ದೆ." ತಪ್ಪೊಪ್ಪಿಕೊಳ್ಳುವವಳ ದನಿ ಅದಾಗಿರಲಿಲ್ಲ. ಕುಸುಮಾ ಸುಕನ್ಯಾಳನ್ನೇ ನೋಡುತ್ತಿದ್ದಳು, ಹೊಡೆತಕ್ಕೆ ಕಾದವಳ ಹಾಗೆ.

"ಮದುವೆ ಮನೆಗೆ ಎಂತ ಕೊಡ್ಲಿ ನಾನು?" ಎಂದಳು ಸುಕನ್ಯಾ. "ನಲವತ್ತು ಕಿಲೋ! ನನ್ನ ಮೇಲಿನ ಹೊಟ್ಟೆಕಿಚ್ಚಿಗೆ ಇಷ್ಟೂ ಚೀಲ ಉಸಿರು ಕಟ್ಟಿಸಿ ಕೂರ್ಸಿದ್ರಲ್ಲ, ನೀವು ಮನುಷ್ಯರಾ ಅಕ್ಕ?"

"ಹೋಟೆಲಿನವರ ಎದುರು ನನ್ನ ಮರ್ಯಾದೆ ಕಳೆದಾಗ ನೀನು ಮನುಷ್ಯಳಾಗಿದ್ಯಾ?"

ಗಿರಿ ನಡುವೆ ಬಂದ. ಅವನನ್ನು ದಯಾನಂದ ತಳ್ಳಿದ. ಅಣ್ಣತಮ್ಮಂದಿರು ಎಂದೂ ಆಡದ ಮಾತುಗಳನ್ನು ಆಡಿಕೊಂಡರು. ಹುಚ್ಚಮ್ಮ ಎದೆ ಬಡಿದುಕೊಂಡಳು. ಈ ಎಲ್ಲದರ ನಡುವೆ ರೂಪಶ್ರೀ ಏಣಿ ಹತ್ತಿ ಎರಡೂ ಪೆಟ್ಟಿಗೆ ಬಿಚ್ಚಿ ಕೆಳಗಿಳಿದದ್ದನ್ನು ಯಾರೂ ನೋಡಲಿಲ್ಲ. ಅವಳು ಅವನ್ನು ಹಿಡಿದು ಬಾಗಿಲಲ್ಲಿ ನಿಂತಾಗಷ್ಟೇ ಗದ್ದಲ ನಿಂತಿತು.

"ಅವತ್ತೇ ಹೇಳ್ದೆ, ಒಂದು ಕೋಣೆಗೆ ಎರಡು ಬೇಡ ಅಂತ. ಕೇಳ್ಲಿಲ್ಲ. ಇವತ್ತು ಕೆಟ್ಟ ಸಾಮಾನು ತಲೆಗೆ ಕಟ್ಟಿದೆ ಅಂದ್ರಿ, ನನ್ನಮ್ಮನ ಕುಕ್ಕೆ ಎತ್ತಿ ಆಡಿದ್ರಿ. ನಿಮಗೆ ಯಂತ್ರ ಬೇಕಾದ್ರೆ ಒಂದೇ ಹಾಕ್ತೀನಿ. ಸೆನ್ಸರ್. ಫಾಗರ್ ಓಡುವಾಗ ಫ್ಯಾನ್ ನಿಲ್ಲಬೇಕು, ಫ್ಯಾನ್ ಓಡುವಾಗ ಫಾಗರ್ ನಿಲ್ಲಬೇಕು, ಉಸಿರಿಗೆ ಅಂತ ಗಂಟೆಗೆ ಎರಡು ನಿಮಿಷ ಫ್ಯಾನ್ ತಾನಾಗಿ ಓಡಬೇಕು. ಅಂಕಿ ಬದಲಾಯ್ಸೋದು ಒಬ್ಬರೇ. ಯಾರು ಅಂತ ಈಗ್ಲೇ ಹೇಳಿ, ಇಲ್ಲದಿದ್ರೆ ಬೇರೆಯವರನ್ನ ಕರೀರಿ."

"ಕುಸುಮಾ ಶುರು ಮಾಡಿದ್ದು," ಎಂದ ದಯಾನಂದ.

"ಇಷ್ಟಾದ ಮೇಲೂನಾ?" ಎಂದ ಗಿರಿ.

ಮತ್ತೆ ಜಗಳ ಏಳುವ ಮೊದಲೇ ಕುಸುಮಾ, "ಅವಳೇ ಇಟ್ಕೊಳ್ಳಲಿ," ಎಂದಳು. "ನಾನು ಹೊರಕೋಣೆಯಲ್ಲಿ ಹುಲ್ಲು ಬೇಯ್ಸಿ, ಬೀಜ ಹಾಕಿ ಚೀಲ ಕಟ್ಟಿ ಕೊಡ್ತೀನಿ. ಇದರೊಳಗೆ ಕಾಲಿಡಲ್ಲ. ಆದ್ರೆ ಹೋಟೆಲಿನವರು ಬಂದಾಗ, ಅವರ ಎದುರೇ, ಆಡಿದ ಮಾತು ತಪ್ಪು ಅಂತ ಅವಳು ಹೇಳ್ಬೇಕು."

ಸುಕನ್ಯಾ ಮುಂದಿನ ಬುಧವಾರ ಹೇಳಿದಳು. ಹೋಟೆಲಿನವರು ಟ್ರೇ ಎತ್ತುತ್ತಿರುವಾಗ, ಬಾಯಿಗೆ ಸಿಕ್ಕ ಕಲ್ಲನ್ನು ಉಗಿಯುವಂತೆ, "ಅವತ್ತು ಅಕ್ಕಂಗೆ ಹಾಗೆ ಅನ್ನಬಾರದಿತ್ತು," ಎಂದು ಒಳಗೆ ಹೋದಳು. ಹೋಟೆಲಿನವರಿಗೆ ಯಾವತ್ತು, ಏನು ಎಂದು ನೆನಪೇ ಇರಲಿಲ್ಲ. ಕಳಸದ ಮದುವೆಯವರು ಮಾತ್ರ ಮತ್ತೆಂದೂ ಫೋನು ಮಾಡಲಿಲ್ಲ.

ಒಂದೇ ಪೆಟ್ಟಿಗೆ ಬಂದ ಮೇಲೆ ಬೆಳೆ ಸುಧಾರಿಸಿತು. ಏಪ್ರಿಲ್, ಮೇ ಎರಡೂ ತಿಂಗಳು ಶೆಡ್ಡಿನಿಂದ ತುಂಬಿದ ಟ್ರೇಗಳು ಹೊರಬಂದವು. ಕುಸುಮಾ ಹೊರಕೋಣೆಯಲ್ಲಿ ಕೂತು ಅವನ್ನು ನೋಡುತ್ತಿದ್ದಳು. ಅಗಲವಾದ, ಬೂದುಬಿಳುಪಿನ, ಒಂದೂ ಕಲೆಯಿಲ್ಲದ ಅಣಬೆ. ತಾನು ಅಷ್ಟು ಚೆನ್ನಾದದ್ದನ್ನು ಎಂದೂ ಬೆಳೆದಿರಲಿಲ್ಲವೆಂದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದಕ್ಕೆ ಸಿಟ್ಟೂ ಬಂತು.

ಜೂನಿನಲ್ಲಿ ಮಳೆ ಹಿಡಿಯಿತು. ನಾಲ್ಕನೆಯ ದಿನ ಕುಸುಮಾ ಚೀಲ ಕೊಡಲು ಬಾಗಿಲ ತನಕ ಹೋದಾಗ ಫ್ಯಾನ್ ಎಡೆಬಿಡದೆ ಓಡುತ್ತಿತ್ತು. ಒಳಗೆ ತೇವ ತೊಂಬತ್ತೇಳು. ಇಳಿಸಲೆಂದು ಫ್ಯಾನ್ ಹೊರಗಿನ ಗಾಳಿ ಎಳೆಯುತ್ತಿತ್ತು, ಹೊರಗಿನದು ಅದಕ್ಕಿಂತ ಒದ್ದೆ. ಅಣಬೆಯ ತಲೆಯ ಮೇಲೆ ಹಳದಿ ಕಲೆ ಶುರುವಾಗಿತ್ತು. ಸುಕನ್ಯಾ ಅಂಕಿ ಬದಲಾಯಿಸುತ್ತಾ, ಪುಸ್ತಕದಲ್ಲಿ ಬರೆಯುತ್ತಾ, ಮತ್ತೆ ಬದಲಾಯಿಸುತ್ತಾ ನಿಂತಿದ್ದಳು. ಕುಸುಮಾ ಚೀಲ ಇಟ್ಟು ಹಿಂದಿರುಗಿದಳು. ಅನುಭವಿಸಲಿ ಎಂದುಕೊಂಡಳು.

ಎರಡು ದಿನ ಹಾಗೇ ಬಿಟ್ಟಳು. ಮೂರನೆಯ ದಿನ ಹೊರಕೋಣೆಯಿಂದ ತಾನೇ ರೂಪಶ್ರೀಗೆ ಫೋನು ಮಾಡಿ ವಿಷಯ ಹೇಳಿದಳು.

"ಮಳೆಗಾಲದಲ್ಲಿ ಫ್ಯಾನಿಂದ ತೇವ ಇಳಿಯಲ್ಲ ಕುಸುಮಕ್ಕ. ಒಳಗಿನ ಗಾಳಿನ ಸ್ವಲ್ಪ ಬೆಚ್ಚಗೆ ಮಾಡ್ಬೇಕು. ಸಣ್ಣ ಹೀಟರ್ ಸೇರ್ಸಬೇಕು," ಎಂದಳು ರೂಪಶ್ರೀ. "ಆದ್ರೆ ಅಂಕಿ ಸುಕನ್ಯಾ ಅವ್ರದ್ದು ಅಂತ ಮಾತಾಗಿದೆ. ಅವ್ರು ಕರೆದ್ರೆ ಬರ್ತೀನಿ. ಮೇಲೆ, ನಿಮ್ಮತ್ತೆ ಇರೋ ಮನೆಗೆ ಬರೋದಕ್ಕೆ ನಂಗೂ ಆಸೆಯಿಲ್ಲ."

ಕುಸುಮಾ ಫೋನು ಹಿಡಿದುಕೊಂಡೇ ಶೆಡ್ಡಿನ ಹೊಸ್ತಿಲವರೆಗೆ ಹೋದಳು.

"ರೂಪಶ್ರೀಗೆ ಫೋನ್ ಮಾಡು. ಹೀಟರ್ ಹಾಕ್ಬೇಕಂತೆ."

ನಾಲ್ಕು ತಿಂಗಳಲ್ಲಿ ನೇರವಾಗಿ ಆಡಿದ, ಜಗಳವಲ್ಲದ ಮೊದಲ ಮಾತು. ಸುಕನ್ಯಾ ತಿರುಗಿ ನೋಡಿದಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು.

"ನಿಮಗೆ ಯಾವಾಗ ಗೊತ್ತಾಯ್ತು?"

"ಮೊನ್ನೆಯಿಂದ ನೋಡ್ತಿದ್ದೀನಿ."

"ಮೊನ್ನೆಯಿಂದ ನೋಡ್ಕೊಂಡು ಸುಮ್ಮನಿದ್ರಾ?"

"ಇದ್ದೆ," ಎಂದಳು ಕುಸುಮಾ. "ಇವತ್ತು ಆಗ್ಲಿಲ್ಲ."

ಸುಕನ್ಯಾ ಫೋನು ಕೈಗೆತ್ತಿಕೊಂಡಳು. ರೂಪಶ್ರೀ ಅಂದೇ ಬಂದು ಹೀಟರ್ ಹಾಕಿ, ಜಗಲಿಯ ಕಡೆ ತಲೆಯೂ ಎತ್ತದೆ ಹೋದಳು. ಅರ್ಧ ಬೆಳೆ ಉಳಿಯಿತು.

ಆ ಇಬ್ಬರ ನಡುವೆ ಅಷ್ಟರ ಮೇಲೆ ಏನೂ ಕೂಡಿಬರಲಿಲ್ಲ. ದೀಪಾವಳಿಯ ಹೊತ್ತಿಗೆ ಕುಸುಮಾ ತೋಟದ ಕೆಳಗಿನ ಬದಿಯಲ್ಲಿ ತನ್ನದೇ ಚಿಕ್ಕ ಶೆಡ್ ಎಬ್ಬಿಸಿದಳು, ನೂರೈವತ್ತು ಚೀಲದ್ದು. ರೂಪಶ್ರೀಯನ್ನು ನೇರ ಅಲ್ಲಿಗೇ ಕರೆಸಿದಳು. ಯಾವ ಪೆಟ್ಟಿಗೆ ಎಂದು ರೂಪಶ್ರೀ ಕೇಳಿದಾಗ, "ಸೆನ್ಸರಿಂದು. ಹೀಟರೂ ಸೇರಿಸೇ ಹಾಕು," ಎಂದಳು.

ಕೋಲೂರಿಕೊಂಡು ಅಲ್ಲಿವರೆಗೂ ಇಳಿದು ಬಂದಿದ್ದ ಹುಚ್ಚಮ್ಮನಿಗೆ ತಡೆಯಲಾಗಲಿಲ್ಲ. "ಮಾರಾಯ್ತಿ, ಇದನ್ನೇ ಆವಾಗ ಒಪ್ಪಿದ್ದಿದ್ರೆ ಇಷ್ಟೆಲ್ಲ ರಂಪ ಬೇಕಿತ್ತಾ?"

"ಆವಾಗ ಅದು ಅವಳದಾಗಿತ್ತು," ಎಂದಳು ಕುಸುಮಾ. ಬಗ್ಗಿ, ರೂಪಶ್ರೀ ಹತ್ತಿದ್ದ ಏಣಿಯ ಬುಡವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.